ಡಿಗ್ರಿಗೆ ಸೈಕಾಲಜಿ ತೆಗೆದುಕೊಳ್ಳಲೇ?

ಪ್ರಶ್ನೆ: ನಾನು ಕಾರ್ಕಳದ ಹತ್ತಿರದವಳು. ಈ ವರ್ಷ ಸೆಕೆಂಡ್ ಪಿಯುಸಿ ಮುಗಿಯಿತು, ಪಿಸಿಎಂಬಿ, 78 ಪರ್ಸೆಂಟ್. ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ನನಗೆ ಸೈಕಾಲಜಿ ಓದುವ ಆಸೆ. ಅಪ್ಪ ನರ್ಸಿಂಗ್ ಮಾಡು ಅನ್ನುತ್ತಾರೆ. ಮುಂಬಯಿಯಲ್ಲಿರುವ ಮಾವ, "ಅದನ್ನು ಓದಿದವರಿಗೇ ಮಂಡೆ ಸರಿ ಇರುವುದಿಲ್ಲ" ಎಂದು ನಗುತ್ತಾರೆ. ಹತ್ತನೆಯವರೆಗೆ ನನ್ನದು ಕನ್ನಡ ಮಾಧ್ಯಮ. ಡಿಗ್ರಿಯಲ್ಲಿ ಏನೇನು ಕಲಿಸುತ್ತಾರೆ? ಮುಗಿಸಿದ ಮೇಲೆ ಕೌನ್ಸೆಲರ್ ಆಗಬಹುದೇ? ನಮ್ಮ ಕಡೆ ಎಲ್ಲಿ ಸೇರಬಹುದು?

ಉತ್ತರ: ಕೌನ್ಸೆಲರ್ ಆಗುವ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮೂರು ವರ್ಷದ ಡಿಗ್ರಿ ಮುಗಿಸಿದ ಮಾತ್ರಕ್ಕೆ ಯಾರೂ ಕೌನ್ಸೆಲರ್ ಆಗುವುದಿಲ್ಲ, ಆಗಲೂಬಾರದು. ಮಂಗಳೂರಿನ ಕಾಲೇಜೊಂದರಲ್ಲಿ 28 ವರ್ಷ ಈ ವಿಷಯ ಪಾಠ ಮಾಡಿದವಳು ನಾನು. ಅಡ್ಮಿಷನ್ ದಿನ ಎದುರು ಕೂತ ಪ್ರತಿ ಮಗುವಿಗೂ ಇದನ್ನು ಹೇಳಿದ್ದೇನೆ. ಕೇಳಿದ ಮೇಲೆ ಎದ್ದು ಬಿಕಾಂ ಸಾಲಿಗೆ ಹೋಗಿ ನಿಂತವರೂ ಉಂಟು. ಜನರ ಕಷ್ಟ ಕೇಳಿ ಅವರಿಗೆ ದಾರಿ ತೋರಿಸುವುದು ಆಮೇಲಿನ ಮಾತು. ಡಿಗ್ರಿಯ ವರ್ಷಗಳು ಕಲಿಸುವುದು ನೋಡುವುದನ್ನು. ಮನುಷ್ಯ ಏನು ಮಾಡುತ್ತಾನೆ, ಏನು ಮಾಡುತ್ತೇನೆಂದು ಹೇಳುತ್ತಾನೆ, ಈ ಎರಡರ ನಡುವೆ ಎಷ್ಟು ದೂರ ಉಂಟು, ಆ ದೂರವನ್ನು ಅಳೆಯುವುದು ಹೇಗೆ, ಅಳೆದದ್ದು ಸರಿ ಎಂದು ನಿನಗೆ ಹೇಗೆ ಗೊತ್ತು. ಈ "ಹೇಗೆ ಗೊತ್ತು" ಎಂಬ ಪ್ರಶ್ನೆ ನಿಮಗೆ ರುಚಿಸಿದರೆ ಸೈಕಾಲಜಿ ನಿಮ್ಮ ವಿಷಯ. ಗೆಳತಿಯರೆಲ್ಲ ನನ್ನ ಹತ್ತಿರವೇ ದುಃಖ ಹೇಳಿಕೊಳ್ಳುತ್ತಾರೆ ಎಂಬುದೊಂದೇ ಕಾರಣವಾದರೆ ಸ್ವಲ್ಪ ತಡೆದು ಯೋಚಿಸಿ.

ಸೈಕಾಲಜಿಗೆ ಪ್ರಾಕ್ಟಿಕಲ್ ಉಂಟು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಆದರೆ ಈ ಶಾಸ್ತ್ರ ತತ್ತ್ವಶಾಸ್ತ್ರದ ಮನೆಯಿಂದ ಬೇರೆಯಾಗಿ ಹೊರಬಿದ್ದದ್ದೇ ಲ್ಯಾಬಿನ ಬಾಗಿಲಿನಿಂದ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಲ್ಯಾಬ್ ತೆರೆದರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ "ಆಕಾಶವಾಣಿ" ಎಂಬ ಹೆಸರಿನ ರೇಡಿಯೋ ನಿಲಯ ನಡೆಸಿದವರು. ಕನ್ನಡ ನಾಡಿಗೆ ಈ ವಿಷಯ ನಿನ್ನೆ ಮೊನ್ನೆ ಬಂದದ್ದಲ್ಲ ಎಂದು ಅಪ್ಪನಿಗೆ ಹೇಳಿ.

ಪ್ರಾಕ್ಟಿಕಲ್ ಹೇಗಿರುತ್ತದೆ ಎಂದು ಗೊತ್ತಾಗಲಿ ಎಂದು ಒಂದನ್ನು ಬಿಡಿಸಿ ಹೇಳುತ್ತೇನೆ. ಮೇಜಿನ ಮೇಲೆ ಒಂದು ಹಲಗೆ. ಅದರ ಮೇಲೆ ನಕ್ಷತ್ರದ ಚಿತ್ರ; ಎರಡು ಗೆರೆಗಳ ನಡುವೆ ಅಕ್ಕಿಕಾಳು ಮಲಗಿಸುವಷ್ಟು ಅಗಲದ ದಾರಿ. ನಿಮ್ಮ ಕೈ ನಿಮಗೆ ನೇರವಾಗಿ ಕಾಣದಂತೆ ಮೇಲೊಂದು ಅಡ್ಡ ಮರೆ, ಎದುರಿಗೆ ನಿಲ್ಲಿಸಿದ ಕನ್ನಡಿ. ಕನ್ನಡಿಯಲ್ಲಿ ಮಾತ್ರ ನೋಡುತ್ತ, ಪೆನ್ಸಿಲು ಆ ದಾರಿ ಬಿಟ್ಟು ಹೋಗದಂತೆ ನಕ್ಷತ್ರವನ್ನು ಒಂದು ಸುತ್ತು ಬರಬೇಕು. ಜೊತೆಗಾತಿ ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಾಳೆ. ಗೆರೆ ಮುಟ್ಟಿದಾಗಲೆಲ್ಲ ಒಂದು ತಪ್ಪು ಬರೆದುಕೊಳ್ಳುತ್ತಾಳೆ. ಮೊದಲ ಸುತ್ತಿನಲ್ಲಿ, ನಕ್ಷತ್ರದ ಮೊದಲ ಮೂಲೆಗೆ ಬಂದ ಕೂಡಲೇ ಕೈ ನಿಂತುಬಿಡುತ್ತದೆ. ಆಚೆ ಹೋಗು ಅಂದರೆ ಈಚೆ ಬರುತ್ತದೆ. ಉಗುರಿನ ತುದಿ ಬೆಳ್ಳಗಾಗುವಷ್ಟು ಪೆನ್ಸಿಲು ಒತ್ತಿ ಹಿಡಿದು, ಉಸಿರು ಕಟ್ಟಿ, ಒಂದೇ ಜಾಗದಲ್ಲಿ ಗೀಚುತ್ತಾರೆ. ಹತ್ತನೆಯ ಸುತ್ತಿನ ಹೊತ್ತಿಗೆ ಅದೇ ಕೈ ಮೂಲೆಯಲ್ಲಿ ತಡೆಯದೆ ತಿರುಗುತ್ತದೆ. ಆಗ ಪೆನ್ಸಿಲನ್ನು ಎಡಗೈಗೆ ಕೊಡಿ. ಶುರುವಿನಲ್ಲಿ ಒಂದು ಸಲ ಮಾತ್ರ ಎಳೆದಿದ್ದ ಎಡಗೈ, ನಡುವೆ ಅಭ್ಯಾಸವೇ ಮಾಡದಿದ್ದರೂ, ಈಗ ಹೆಚ್ಚಿನವರಲ್ಲಿ ಮೊದಲಿಗಿಂತ ಬೇಗ ಸುತ್ತು ಮುಗಿಸುತ್ತದೆ. ಬಲಗೈ ಕಲಿತದ್ದು ಎಡಗೈಗೆ ದಾಟಿದ್ದು ಹೇಗೆ? ಎರಡನೆಯ ಸಲವಾದ್ದರಿಂದ ಬೇಗ ಆಯಿತೇ, ನಿಜವಾಗಿಯೂ ಕಲಿಕೆ ದಾಟಿತೇ? ಇವೆರಡನ್ನು ಬೇರ್ಪಡಿಸಬೇಕಾದರೆ ಇನ್ನೊಂದು ಗುಂಪಿಗೆ ನಡುವಿನ ಅಭ್ಯಾಸ ಕೊಡದೆ ಪರೀಕ್ಷೆ ಮಾಡಬೇಕು ಎಂದು ಒಬ್ಬ ಹುಡುಗಿ ತಾನಾಗಿ ಹೇಳಿದಳೆಂದರೆ, ಆ ದಿನ ನನಗೆ ಪಾಠ ಮಾಡಿದ್ದು ಸಾರ್ಥಕ ಅನಿಸುತ್ತಿತ್ತು.

ಈ ನಕ್ಷತ್ರಕ್ಕೆ ಇನ್ನೊಂದು ಕಥೆ ಉಂಟು. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರಿಗೆ 1953ರಲ್ಲಿ ಅಪಸ್ಮಾರ ನಿಲ್ಲಿಸಲು ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಫಿಟ್ಸ್ ಕಡಿಮೆಯಾಯಿತು, ಆದರೆ ಹೊಸ ನೆನಪು ನಿಲ್ಲುವುದೇ ಹೋಯಿತು. ಈಗ ಮಾತಾಡಿದವರನ್ನು ಸ್ವಲ್ಪ ಹೊತ್ತಿಗೆ ಮರೆಯುತ್ತಿದ್ದರು. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಅವರ ಮುಂದೆ ಇದೇ ಕನ್ನಡಿ, ಇದೇ ನಕ್ಷತ್ರ ಇಟ್ಟು ಮೂರು ದಿನ ಎಳೆಸಿದರು. ದಿನದಿಂದ ದಿನಕ್ಕೆ ಅವರ ತಪ್ಪು ಕಡಿಮೆಯಾಗುತ್ತ ಹೋಯಿತು. ಆದರೆ ಹಿಂದಿನ ದಿನ ಅದನ್ನು ಎಳೆದಿದ್ದೇನೆ ಎಂಬ ನೆನಪೇ ಅವರಿಗಿರಲಿಲ್ಲ. ಕೈಯ ನೆನಪು ಬೇರೆ, ಮನಸ್ಸಿಗೆ ಗೊತ್ತಿರುವ ನೆನಪು ಬೇರೆ ಎಂದು ಜಗತ್ತಿಗೆ ತೋರಿಸಿದ್ದು ಆ ಹಲಗೆ. ನಮ್ಮ ಕಾಲೇಜುಗಳ ಕಪಾಟಿನಲ್ಲಿ ಧೂಳು ಹಿಡಿದು ಕೂತಿರುವುದೂ ಅದರ ತಂಗಿಯೇ.

ಇನ್ನು ನಿಮ್ಮ ಕನ್ನಡ ಮಾಧ್ಯಮದ ಚಿಂತೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಈ ವಿಷಯದ ಪಾಠ, ಪುಸ್ತಕ, ಪರೀಕ್ಷೆ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಪಿಯುಸಿ ಸೈನ್ಸ್ ದಾಟಿದ ನಿಮಗೆ ಒಂದು ಸೆಮಿಸ್ಟರ್ ಕಷ್ಟವಾಗುತ್ತದೆ, ಆಮೇಲೆ ಹಿಡಿತ ಸಿಗುತ್ತದೆ. ಆದರೆ ನಾನು ಹೇಳಬೇಕೆಂದಿರುವುದು ಬೇರೆಯೇ. ಈ ವಿಷಯದಲ್ಲಿ ನಿಮ್ಮ ಕನ್ನಡ, ನಿಮ್ಮ ತುಳು, ನೆರೆಮನೆಯ ಕೊಂಕಣಿ, ಬ್ಯಾರಿ ಎಲ್ಲವೂ ಉಪಕರಣಗಳು. ಸ್ಟಾಪ್‌ವಾಚಿನಷ್ಟೇ ಮುಖ್ಯವಾದ ಉಪಕರಣಗಳು.

ಹೇಗೆಂದರೆ, ಹರ್ಮನ್ ಎಬಿಂಗ್‌ಹಾಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ಮರೆವನ್ನು ಅಳೆಯಲು ಅರ್ಥವಿಲ್ಲದ ಉಚ್ಚಾರಗಳನ್ನು ಬಾಯಿಪಾಠ ಮಾಡಿ ನೋಡಿ, ಕಂಡದ್ದನ್ನು 1885ರಲ್ಲಿ ಪ್ರಕಟಿಸಿದರು. ಇವತ್ತಿಗೂ ಲ್ಯಾಬಿನಲ್ಲಿ ಆ ಪ್ರಯೋಗ ಮಾಡಿಸುತ್ತೇವೆ. ಪಟ್ಟಿ ಮಾತ್ರ ಹೊರಗಿನಿಂದ ಬಂದದ್ದು. ಒಂದು ವರ್ಷ ನಮ್ಮ ಪಟ್ಟಿಯಲ್ಲಿ "ಕಲ್" ಇತ್ತು, "ನಿರ್" ಇತ್ತು. ಇಂಗ್ಲಿಷಿನವರಿಗೆ ಅರ್ಥವಿಲ್ಲ. ನಮ್ಮ ಮಕ್ಕಳಿಗೆ ಒಂದು ಕಲ್ಲು, ಇನ್ನೊಂದು ತುಳುವಿನ ನೀರ್. ಆ ಎರಡನ್ನು ಎಲ್ಲರೂ ಒಂದೇ ಸಲಕ್ಕೆ ನೆನಪಿಟ್ಟುಕೊಂಡರು. ಉತ್ತರಪತ್ರಿಕೆ ತಿರುವುತ್ತಿದ್ದಾಗ ಮೂಡುಬಿದಿರೆ ಕಡೆಯ ಒಬ್ಬ ಹುಡುಗ, "ಮ್ಯಾಮ್, ಇದು ಅರ್ಥವಿಲ್ಲದ್ದು ಅಲ್ಲವೇ ಅಲ್ಲ" ಎಂದ. ಅಲ್ಲಿಂದ ಮುಂದೆ ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಿದೆ. ಕನ್ನಡ, ತುಳು, ಕೊಂಕಣಿ, ಮಲಯಾಳ ಬಲ್ಲ ನಾಲ್ವರು ಕೂತು, ಯಾರಿಗೂ ಅರ್ಥವಾಗದ ಇಪ್ಪತ್ತು ಉಚ್ಚಾರ ಹುಡುಕಲು ಒಂದಿಡೀ ಪೀರಿಯಡ್ ಬೇಕಾಯಿತು.

ಇದಕ್ಕಿಂತ ಗಂಭೀರವಾದದ್ದು ಕೊನೆಯ ವರ್ಷದ ಒಂದು ಪ್ರಾಜೆಕ್ಟಿನಲ್ಲಿ ಕಂಡಿತು. ಖಿನ್ನತೆಯ ಪ್ರಶ್ನಾವಳಿಯೊಂದರ ಕನ್ನಡ ಅನುವಾದವನ್ನು ವಿದ್ಯಾರ್ಥಿನಿ ಪುತ್ತೂರು ಕಡೆಯ ಗೃಹಿಣಿಯರಿಗೆ ಕೇಳಿ ಬಂದಳು. "ಯಾವ ಕೆಲಸದಲ್ಲೂ ಉದಾಸೀನ ಎನಿಸುತ್ತದೆಯೇ" ಎಂಬ ಸಾಲಿಗೆ ಸುಮಾರು ಎಲ್ಲರೂ ಹೌದು ಎಂದಿದ್ದರು. ಘಟ್ಟದ ಮೇಲಿನವರಿಗೆ ಉದಾಸೀನ ಎಂದರೆ ಅಸಡ್ಡೆ, ನಿರಾಸಕ್ತಿ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನ ಗಂಜಿ ಉಂಡ ಮೇಲೆ ಏಳಲು ಮನಸ್ಸಾಗದಿದ್ದರೆ ಅದೂ ಉದಾಸೀನವೇ. ಬೇಜಾರು ಎಂಬ ಮಾತೂ ಹಾಗೆಯೇ: ಕೆಲಸವಿಲ್ಲದೆ ಹೊತ್ತು ಹೋಗದಿದ್ದರೂ ಬೇಜಾರು, ಯಾರೋ ಮನಸ್ಸು ನೋಯಿಸಿದರೂ ಬೇಜಾರು, ಮನೆಯಲ್ಲಿ ಸಾವಾದರೂ ಬೇಜಾರು. "ಮಂಡೆಬೆಚ್ಚ" ಎಂದು ತುಳುವಿನಲ್ಲಿ ಹೇಳುವವನಿಗೆ ಸಾಲದ ಚಿಂತೆಯೋ, ಆತಂಕದ ಕಾಯಿಲೆಯೋ, ಬರೀ ತಲೆನೋವೋ, ಕೂತು ಕೇಳದೆ ಗೊತ್ತಾಗುವುದಿಲ್ಲ. ಈ ಭೇದ ಪುಸ್ತಕದಲ್ಲಿಲ್ಲ. ಅದು ನಿಮ್ಮ ಕಿವಿಯಲ್ಲಿ ಈಗಾಗಲೇ ಉಂಟು. 1930ರ ದಶಕದಲ್ಲಿ ವಿ.ವಿ. ಕಾಮತರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಒಗ್ಗಿಸಿದಾಗ ಮಾಡಿದ್ದು ಇದನ್ನೇ: ಪ್ಯಾರಿಸ್ಸಿನ ಮಗುವಿಗೆ ಸುಲಭವಾದ ಪ್ರಶ್ನೆ ನಮ್ಮ ಮಗುವಿಗೂ ಸುಲಭವೇ ಎಂದು ಒಂದೊಂದಾಗಿ ಕೇಳಿ ನೋಡುವುದು. ಬಿನೆ–ಕಾಮತ್ ಪರೀಕ್ಷೆ ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಇಂಗ್ಲಿಷ್ ಕಲಿಯಿರಿ, ಚೆನ್ನಾಗಿಯೇ ಕಲಿಯಿರಿ. ಕಲಿಯುವ ಭರದಲ್ಲಿ ಈ ಕಿವಿಯನ್ನು ಕಳೆದುಕೊಳ್ಳಬೇಡಿ.

ಗಣಿತ ಉಂಟೇ ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಸಂಖ್ಯಾಶಾಸ್ತ್ರ ಉಂಟು. ಸರಾಸರಿ, ಹರಡಿಕೆ, ಎರಡು ಸಂಗತಿಗಳ ನಡುವಿನ ಸಂಬಂಧ, ಎರಡು ಗುಂಪುಗಳ ವ್ಯತ್ಯಾಸ ಕಾಕತಾಳೀಯವೋ ನಿಜವೋ ಎಂಬ ಲೆಕ್ಕ. ಪಿಸಿಎಂಬಿ ಓದಿದವರಿಗೆ ಇದು ದೊಡ್ಡ ಬೆಟ್ಟವಲ್ಲ, ಆರ್ಟ್ಸ್‌ನಿಂದ ಬಂದವರು ಹೆದರುತ್ತಾರೆ. ಇದನ್ನು ತಪ್ಪಿಸಿಕೊಂಡು ಓದಿದ ಸೈಕಾಲಜಿ ಉಪ್ಪಿಲ್ಲದ ಗಂಜಿ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಹೆಸರಾಂತ ಪತ್ರಿಕೆಗಳಲ್ಲಿ ಬಂದಿದ್ದ ನೂರು ಮನಶ್ಶಾಸ್ತ್ರೀಯ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ ಬಹುತೇಕ ಎಲ್ಲವೂ ಗಟ್ಟಿ ಎಂದು ಹೇಳಿಕೊಂಡಿದ್ದವು. ಎರಡನೆಯ ಸಲ ಹಾಗೆ ನಿಂತದ್ದು ನೂರಕ್ಕೆ ಸುಮಾರು 36. ಈ ಸುದ್ದಿ ಬಂದಾಗ ಕೆಲವು ಸಹೋದ್ಯೋಗಿಗಳಿಗೆ ಮುಜುಗರವಾಯಿತು. ನನಗೆ ಹೆಮ್ಮೆಯಾಯಿತು, ತನ್ನ ತಪ್ಪನ್ನು ತಾನೇ ಎಣಿಸಿ ಬಹಿರಂಗವಾಗಿ ಹೇಳಿದ ಶಾಸ್ತ್ರ ಇದು ಎಂದು. ಮೊಬೈಲಿನಲ್ಲಿ ದಿನಾ ಬರುವ "ಹೀಗೆ ಕೂತರೆ ನಿಮ್ಮ ಸ್ವಭಾವ ಹೀಗೆ" ಎಂಬ ರೀಲ್ಸ್ ನೋಡಿ ಈ ಕಡೆ ಬರುವ ಮಕ್ಕಳು ಮೊದಲು ಕಲಿಯಬೇಕಾದ ಪಾಠವೂ ಅದೇ.

ಮಾವನ ಮಾತಿಗೆ ಬರುತ್ತೇನೆ. ಓದಿದವರ ಮಂಡೆ ಕೆಡುವುದಿಲ್ಲ, ಆದರೆ ಅಸಹಜ ಮನಶ್ಶಾಸ್ತ್ರದ ಪೇಪರ್ ಬಂದಾಗ ಒಂದು ಹಂತ ದಾಟಬೇಕಾಗುತ್ತದೆ ಎಂಬುದು ನಿಜ. ಓದಿದ ಕಾಯಿಲೆಯೆಲ್ಲ ತನಗೇ ಇದೆ ಅನಿಸುತ್ತದೆ, ಇಲ್ಲವೇ ಮನೆಯವರಿಗೆಲ್ಲ ಇದೆ ಅನಿಸುತ್ತದೆ. ಒಬ್ಬಳು ನನ್ನ ಹತ್ತಿರ ಬಂದು, "ನಮ್ಮ ಅಜ್ಜಿಗೆ ಒಸಿಡಿ ಇದೆ ಮ್ಯಾಮ್, ದಿನಕ್ಕೆ ಎಷ್ಟು ಸಲ ಕೈಕಾಲು ತೊಳೆಯುತ್ತಾರೆ, ನಾವು ಮುಟ್ಟಿದರೆ ಮತ್ತೆ ಸ್ನಾನ" ಎಂದಳು. ಒಸಿಡಿ ಎಂದರೆ ಬೇಡವೆಂದರೂ ಒಂದೇ ಯೋಚನೆ ಕಾಡಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ನಾನು ಮೂರು ಪ್ರಶ್ನೆ ಕೊಟ್ಟು ಮನೆಗೆ ಕಳಿಸಿದೆ. ತೊಳೆಯದಿದ್ದರೆ ಅಜ್ಜಿಗೆ ಏನಾಗುತ್ತದೆ ಎಂದು ಭಯ? ತೊಳೆಯುವುದು ಅತಿಯಾಯಿತು, ಬಿಡಬೇಕು ಅಂದರೂ ಆಗುತ್ತಿಲ್ಲ ಎಂದು ಅವರಿಗೇ ಸಂಕಟ ಉಂಟೇ? ಅವರ ವಾರಿಗೆಯ ಹೆಂಗಸರು ಏನು ಮಾಡುತ್ತಾರೆ? ಸೋಮವಾರ ಬಂದವಳು ತಲೆ ತಗ್ಗಿಸಿ, "ಅದು ಮಡಿ ಮ್ಯಾಮ್, ಅಜ್ಜಿ ಆರಾಮ ಇದ್ದಾರೆ, ನನಗೇ ತಲೆಬಿಸಿ" ಎಂದಳು. ಹಿರಿಯಡ್ಕ, ಕವತ್ತಾರುಗಳ ಸಿರಿ ಜಾತ್ರೆಯಲ್ಲಿ ಹೆಂಗಸರಿಗೆ ದರ್ಶನ ಬರುವುದನ್ನು, ಅಂದರೆ ಮೈಮೇಲೆ ಬರುವುದನ್ನು, ನೀವು ನೋಡಿರಬಹುದು. ವೈದ್ಯಕೀಯ ಕೈಪಿಡಿಗಳೇ, ಸಮುದಾಯ ಒಪ್ಪಿ ನಡೆಸುವ ಆಚರಣೆಯ ಭಾಗವಾಗಿ ಬರುವ ಇಂಥ ಸ್ಥಿತಿಯನ್ನು ಕಾಯಿಲೆ ಎಂದು ಎಣಿಸಬಾರದೆಂದು ಹೇಳುತ್ತವೆ. ಹಾಗೆಂದು, ಜಾತ್ರೆ ಮುಗಿದು ತಿಂಗಳಾದರೂ ಒಬ್ಬಾಕೆ ಊಟ ನಿದ್ರೆ ಬಿಟ್ಟು ಕೂತಿದ್ದರೆ, "ದೈವದ್ದು" ಎಂದು ಆಸ್ಪತ್ರೆಗೆ ಕರೆದೊಯ್ಯದೆ ಬಿಡುವುದೂ ತಪ್ಪು. ಈ ಎರಡರ ನಡುವಿನ ಗೆರೆಯನ್ನು ಹೊರಗಿನಿಂದ ಬಂದ ಡಾಕ್ಟರಿಗಿಂತ ಇಲ್ಲೇ ಹುಟ್ಟಿ ಬೆಳೆದು ಶಾಸ್ತ್ರ ಕಲಿತವರು ಚೆನ್ನಾಗಿ ಕಾಣಬಲ್ಲರು. ನಮ್ಮ ಎರಡು ಜಿಲ್ಲೆಗೆ ಅಂಥವರು ಬೇಕು. ಬಹಳ ಬೇಕು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈಗ ಮುಂದಿನ ದಾರಿ. ಮದ್ದು ಬರೆಯುವವರು ಸೈಕಿಯಾಟ್ರಿಸ್ಟ್. ಅದಕ್ಕೆ ಎಂಬಿಬಿಎಸ್ ಬೇಕು, ಆ ದಾರಿ ಬೇರೆ. ಮಾತಿನ ಚಿಕಿತ್ಸೆ, ಪರೀಕ್ಷೆಗಳು, ತಪಾಸಣೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಡಿಗ್ರಿಯ ಮೇಲೆ ಎರಡು ವರ್ಷದ ಎಂಎ ಅಥವಾ ಎಂಎಸ್ಸಿ, ಅದರ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ, ಆಮೇಲೆ ಪರಿಷತ್ತಿನ ನೋಂದಣಿ. ಈ ಪರಿಷತ್ತು 1992ರ ಕಾಯ್ದೆಯಿಂದ ನಡೆಯುತ್ತದೆ. ಇಲ್ಲಿಯತನಕ ಆ ತರಬೇತಿ ಎಂದರೆ ಮುಖ್ಯವಾಗಿ ಎರಡು ವರ್ಷದ ಎಂ.ಫಿಲ್. ಆದರೆ ಎಂ.ಫಿಲ್. ಎಂಬ ಪದವಿಯನ್ನೇ ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿದ್ದರಿಂದ ಈ ವ್ಯವಸ್ಥೆ ಬದಲಾಗುತ್ತಿದೆ. ನೀವು ಅಲ್ಲಿಗೆ ಮುಟ್ಟುವ ಹೊತ್ತಿಗೆ ಕೋರ್ಸಿನ ಹೆಸರು ಬೇರೆ ಇರುತ್ತದೆ. ಪ್ರತಿ ವರ್ಷ ಪರಿಷತ್ತಿನ ವೆಬ್‌ಸೈಟ್ ನೋಡುತ್ತಿರಿ, ಯಾರದೋ ಬಾಯಿಮಾತು ನಂಬಬೇಡಿ. ಒಟ್ಟಿನಲ್ಲಿ ಇವತ್ತಿನಿಂದ ಎಣಿಸಿದರೆ ಏಳು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಶಾಲೆಯ ಕೌನ್ಸೆಲರ್ ಆಗುವುದಕ್ಕೆ ಐದು ವರ್ಷ ಸಾಕು, ಅಂದರೆ ಎಂಎಸ್ಸಿ ತನಕ. ಇದಲ್ಲದೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯೂ ಮಾಡಿ ಆಸ್ಪತ್ರೆಗಳಲ್ಲಿ ಕೆಲಸ ಹಿಡಿದವರು, ವಿಶೇಷ ಮಕ್ಕಳ ಬಿ.ಎಡ್. ಮಾಡಿದವರು, ಕಂಪನಿಗಳ ಎಚ್‌ಆರ್ ವಿಭಾಗಕ್ಕೆ ಹೋದವರು ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ.

ಸರಕಾರಿ ಬಾಗಿಲೂ ಉಂಟು. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಅದರ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ಮನೋರೋಗ ನರ್ಸ್ ಎಲ್ಲರಿಗೂ ಜಾಗವಿದೆ. ನರ್ಸ್ ಎಂದೆನಲ್ಲ, ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಮನೆಯಲ್ಲಿ ಐದಾರು ವರ್ಷ ನಿಮ್ಮ ಸಂಪಾದನೆಗೆ ಕಾಯುವ ಶಕ್ತಿ ಇಲ್ಲದಿದ್ದರೆ ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷಕ್ಕೆ ಕೈಗೆ ಕೆಲಸ ಕೊಡುತ್ತದೆ, ಆಮೇಲೆ ಮನೋರೋಗ ಶುಶ್ರೂಷೆಯಲ್ಲಿ ಎಂಎಸ್ಸಿ ಮಾಡಿ ಇದೇ ಕ್ಷೇತ್ರಕ್ಕೆ ಇನ್ನೊಂದು ಬಾಗಿಲಿನಿಂದ ಬರಬಹುದು. ಇದನ್ನು ಮನೆಯವರ ಜೊತೆ ಕೂತು ದುಡ್ಡಿನ ಲೆಕ್ಕ ಹಾಕಿಯೇ ತೀರ್ಮಾನಿಸಿ, ನಾಚಿಕೆ ಬೇಡ.

ಎಲ್ಲಿ ಸೇರಬಹುದು ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ 1921ರಲ್ಲಿ ಆರಂಭವಾದ ಸೇಂಟ್ ಆಗ್ನೆಸ್ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಹೆಸರಾದ ಕಾಲೇಜು. 1880ರ ಸೇಂಟ್ ಅಲೋಶಿಯಸ್ ಈಗ ಡೀಮ್ಡ್ ವಿಶ್ವವಿದ್ಯಾಲಯ. ವೆಲೆನ್ಸಿಯಾದ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಶಿಕ್ಷಣ ನಡೆಸಿಕೊಂಡು ಬಂದ ಸಂಸ್ಥೆ. ಈ ಮೂರೂ ಕಡೆ ಮನಶ್ಶಾಸ್ತ್ರ ಇದೆ. ಮಣಿಪಾಲದ ಕ್ಲಿನಿಕಲ್ ಸೈಕಾಲಜಿ ವಿಭಾಗ ಮುಂದಿನ ಹಂತಕ್ಕೆ, ನಿಮ್ಮ ಕಾರ್ಕಳಕ್ಕೆ ಹತ್ತಿರ ಕೂಡ. ಬಿಎಯೋ ಬಿಎಸ್ಸಿಯೋ ಎಂದು ತಲೆಕೆಡಿಸಿಕೊಳ್ಳಬೇಡಿ. ವಿಷಯಗಳ ಕಾಂಬಿನೇಷನ್ ಮಾತ್ರ ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ತಿಳಿಯಬೇಕು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಡೀಮ್ಡ್ ಸಂಸ್ಥೆಗಳ ನಿಯಮ ಬೇರೆ. ಹಾಗಾಗಿ ಕೌಂಟರಿನಲ್ಲಿ ಕೇಳಬೇಕಾದದ್ದು ಒಂದೇ: ಮೊದಲ ಸೆಮಿಸ್ಟರಿನಿಂದ ಕೊನೆಯ ಸೆಮಿಸ್ಟರಿನ ತನಕ ಮನಶ್ಶಾಸ್ತ್ರ ಮುಖ್ಯ ವಿಷಯವಾಗಿಯೇ ಇರುತ್ತದೆಯೇ? ನಡುವೆ ಬಿಟ್ಟುಹೋದರೆ ಎಂಎಸ್ಸಿ ಸೀಟಿಗೆ ಅರ್ಜಿ ಹಾಕುವಾಗ ತೊಂದರೆ. ಜೊತೆಗೆ ಸಮಾಜಶಾಸ್ತ್ರವೋ ಇಂಗ್ಲಿಷ್ ಸಾಹಿತ್ಯವೋ ಸಿಕ್ಕಿದರೆ ಒಳ್ಳೆಯದು. ದೂರಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಮನೆಯಿಂದಲೇ ಸೈಕಾಲಜಿ ಡಿಗ್ರಿ ಎಂಬ ಜಾಹೀರಾತು ಕಂಡರೆ ದೂರ ಇರಿ. 2025ರ ಜುಲೈ–ಆಗಸ್ಟ್ ಸಾಲಿನಿಂದ ಆ ರೀತಿಯ ಮನಶ್ಶಾಸ್ತ್ರ ಕೋರ್ಸುಗಳನ್ನು ನಿಲ್ಲಿಸಲು ಯುಜಿಸಿ ಹೇಳಿದೆ.

ಇನ್ನೊಂದು ಮಾತು. ನೀಟ್ ಫಲಿತಾಂಶದ ನಂತರದ ದಿನಗಳು ನಿಮ್ಮ ವಯಸ್ಸಿನವರಿಗೆ ಭಾರವಾಗಿರುತ್ತವೆ. ನಿಮಗೋ ನಿಮ್ಮ ಗೆಳತಿಯರಿಗೋ ರಾತ್ರಿ ನಿದ್ರೆ ಬಾರದಷ್ಟು ಕಷ್ಟವಾಗುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅರ್ಜಿ ತುಂಬುವ ಮೊದಲು ಒಂದು ದಿನ ಬಸ್ಸು ಹತ್ತಿ ಮಂಗಳೂರಿಗೆ ಬನ್ನಿ. ಯಾವುದಾದರೂ ಕಾಲೇಜಿನ ವಿಭಾಗಕ್ಕೆ ಹೋಗಿ, ಪ್ರಾಕ್ಟಿಕಲ್ ರೂಮು ನೋಡಬಹುದೇ ಎಂದು ಕೇಳಿ. ತೋರಿಸುತ್ತಾರೆ, ಈ ವಿಷಯ ಪಾಠ ಮಾಡುವವರಿಗೆ ಯಾರಾದರೂ ಹಾಗೆ ಕೇಳಿದರೆ ಖುಷಿ. ಕಪಾಟಿನಲ್ಲಿ ಕನ್ನಡಿಯ ಹಲಗೆ ಇದ್ದರೆ ತೆಗೆಸಿ, ನಕ್ಷತ್ರದ ಮೇಲೆ ಒಂದು ಸುತ್ತು ಎಳೆದು ನೋಡಿ. ಅಪ್ಪನನ್ನೂ ಕರೆದುಕೊಂಡು ಬನ್ನಿ. ಅವರ ಕೈಗೂ ಒಂದು ಸಲ ಪೆನ್ಸಿಲು ಕೊಡಿ.